ಹೆಣಕ್ಕೆ ಖುಲಾಸೆ ಇಲ್ಲ



ಧರ್ಮಸ್ಥಳವಿರುವ ಬೆಳ್ತಂಗಡಿ ತಾಲೂಕಿನದೇ ಕಾಡಂಚಿನ ಊರು ಕುತ್ಲೂರು. 2012ರ ಮಾರ್ಚಿಯಲ್ಲಿ ಅಲ್ಲಿನ ಪತ್ರಿಕೋದ್ಯಮ ವಿದ್ಯಾರ್ಥಿ ವಿಠಲ ಮಲೆಕುಡಿಯ ಅವರನ್ನೂ ಅವರ ತಂದೆಯನ್ನೂ ನಕ್ಸಲರ ನಂಟಿದೆ ಅಂತ ಪೋಲೀಸರು ಹಿಡಿದರು. ಮನೆಯಲ್ಲಿ ಸಿಕ್ಕ ಸಾಕ್ಷಿಗಳಲ್ಲಿ ಭಗತ್ ಸಿಂಗ್ ಪುಸ್ತಕವೂ ಒಂದು! ಅಂಥ ಪುಸ್ತಕ ನಮ್ಮ ಹಾಸ್ಟೆಲಿನ ಯಾವ ಟ್ರಂಕಿನಲ್ಲಿ ಇಲ್ಲ? 2021ರ ಅಕ್ಟೋಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿತು. ಒಂಬತ್ತು ವರ್ಷ ಹೋಯ್ತು, ಜೀವ ಉಳೀತು. ಕಾಡಲ್ಲೇ ಗುಂಡು ಹೊಡೆದಿದ್ದರೆ? ಹೆಣಕ್ಕೆ ಯಾವ ಕೋರ್ಟು ಖುಲಾಸೆ ಕೊಡುತ್ತೆ?

ಕಾಡಲ್ಲೇ ಮುಗಿದ ಕತೆಯೂ ಇದೆ. 2024ರ ನವೆಂಬರಿನಲ್ಲಿ ಹೆಬ್ರಿ ಬಳಿಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಅವರನ್ನು ಪೋಲೀಸರು ಕೊಂದರು. ನಮ್ಮ ಮೇಲೆ ಗುಂಡು ಹಾರಿಸಿದ್ದಕ್ಕೆ ಹೊಡೆದೆವು ಅಂದರು. ಗೌಡರು ಕೋವಿ ಹಿಡಿದವರೇ, ನಾವದನ್ನು ಮುಚ್ಚಿಡೋದಿಲ್ಲ. ಆದರೆ ಕೊಂದವರ ಮಾತೇ ತೀರ್ಪಾಗಬಾರದು. ಪೋಲೀಸರು ಪ್ರಾಣ ಉಳಿಸಿಕೊಳ್ಳಲು ಗುಂಡು ಹಾರಿಸಬಹುದು, ಶಿಕ್ಷೆ ಕೊಡಲು ಅಲ್ಲ. ಪ್ರತಿ ಎನ್‌ಕೌಂಟರ್ ಸಾವಿಗೂ ಎಫ್‌ಐಆರ್, ಸ್ವತಂತ್ರ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಲೇಬೇಕು ಎಂದು ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ.

ವಿಚಾರಣೆ ಅಂದರೆ ಅಪರಾಧಿಗೆ ತೋರಿಸುವ ದಯೆ ಅಲ್ಲ. ಅಪರಾಧಿ ಯಾರು ಅಂತ ತಿಳಿಯೋಕೆ ಇರೋ ದಾರಿ ಅದು. ಎನ್‌ಕೌಂಟರ್ ಸುದ್ದಿಗೆ ಚಪ್ಪಾಳೆ ತಟ್ಟೋ ಮುಂಚೆ ಕೇಳೋಣ: ತನಿಖೆ ಮಾಡಿದೋರು ಯಾರು?