ಕೈಯಲ್ಲಿರುವ ಫೋನಿನ ಆಯುಷ್ಯ: ಎಕ್ಸ್‌ಚೇಂಜ್, ವಿಮೆ ಮತ್ತು ವಿವೇಕ



ದನ ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಮನೆಗೆ ಬಂದು ಎರಡು ದಿನ ಯೋಚಿಸುವುದು ಮಲೆನಾಡಿನ ಪದ್ಧತಿ. ಅದೇ ಮನುಷ್ಯ ಪೇಟೆಯ ಮೊಬೈಲ್ ಅಂಗಡಿಯಲ್ಲಿ ಹತ್ತಿಪ್ಪತ್ತು ಸಾವಿರ ರೂಪಾಯಿಯ ವ್ಯವಹಾರವನ್ನು ಐದು ನಿಮಿಷದಲ್ಲಿ ಮುಗಿಸುತ್ತಾನೆ. ಆ ಐದು ನಿಮಿಷದೊಳಗೆ ಅವನಿಗೆ ಎರಡು ಪ್ರಶ್ನೆಗಳು ಎದುರಾಗುತ್ತವೆ. ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯುವುದೋ, ಕಂತಿನಲ್ಲಿ ಒಯ್ಯುವುದೋ, ಮರುಖರೀದಿಯ ಭರವಸೆಯಿರುವ ಯೋಜನೆಗೆ ಸೇರುವುದೋ ಎಂಬುದು ಮೊದಲನೆಯದು. ಫೋನಿಗೊಂದು ವಿಮೆ ಮಾಡಿಸುವುದೋ ಬೇಡವೋ ಎಂಬುದು ಎರಡನೆಯದು. ಈ ಎರಡರ ಹಿಂದೆಯೂ ಯಾರೂ ಕೇಳದ ಮೂರನೆಯ ಪ್ರಶ್ನೆಯೊಂದಿದೆ: ಈ ಫೋನು ಎಷ್ಟು ವರ್ಷ ಬಾಳಬೇಕು? ಇದಕ್ಕೆ ಉತ್ತರ ದೊರೆತರೆ ಉಳಿದೆರಡು ಪ್ರಶ್ನೆಗಳು ಬಹುಮಟ್ಟಿಗೆ ತಾವಾಗಿಯೇ ಬಗೆಹರಿಯುತ್ತವೆ.

ಫೋನಿನ ಆಯುಷ್ಯಕ್ಕೂ ಬೆಟ್ಟಗುಡ್ಡಗಳಿಗೂ ಸಂಬಂಧವಿದೆ. ಫೋನೊಂದು ತನ್ನ ಬಾಳಿನುದ್ದಕ್ಕೂ ವಾತಾವರಣಕ್ಕೆ ಸೇರಿಸುವ ಇಂಗಾಲದಲ್ಲಿ ಸ್ಥೂಲವಾಗಿ ಐದರಲ್ಲಿ ನಾಲ್ಕು ಪಾಲು ತಯಾರಿಕೆಯ ಹಂತದಲ್ಲಿಯೇ ಸೇರಿಹೋಗಿರುತ್ತದೆ ಎಂಬುದು ತಯಾರಕರೇ ಪ್ರಕಟಿಸುವ ಪರಿಸರ ವರದಿಗಳಿಂದ ತಿಳಿಯುತ್ತದೆ. ದಿನವೂ ಚಾರ್ಜ್ ಮಾಡಲು ಬಳಸುವ ವಿದ್ಯುತ್ತಿನ ಪಾಲು ಅಲ್ಪ. ಬ್ಯಾಟರಿಗೆ ಬೇಕಾದ ಕೋಬಾಲ್ಟಿನ ಬಹುಪಾಲು ಆಫ್ರಿಕದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ನೆಲದಿಂದ ಬರುತ್ತದೆ. ಕುದುರೆಮುಖದ ಗುಡ್ಡ ಬಗೆದಾಗ ಭದ್ರೆಗೆ ಹರಿದ ಕೆಂಪು ಹೂಳನ್ನು ಕಂಡವರಿಗೆ, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತದ್ದನ್ನು ಬಲ್ಲವರಿಗೆ, ದೂರದ ಗಣಿಯೂರಿನ ಬವಣೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ಉತ್ಪತ್ತಿಯಾದ ಎಲ್ಲ ಬಗೆಯ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದಕ್ಕೆ ದಾಖಲೆಯಿರುವುದು ಶೇಕಡ 22.3ರಷ್ಟಕ್ಕೆ ಮಾತ್ರ. ಮೂರು ವರ್ಷ ಬಾಳುವ ಫೋನನ್ನು ಆರು ವರ್ಷ ಬಾಳಿಸಿದರೆ ಒಂದು ಫೋನಿನಷ್ಟು ಗಣಿಗಾರಿಕೆಯೂ ಒಂದು ಫೋನಿನಷ್ಟು ಕಸವೂ ತಪ್ಪುತ್ತದೆ.

ಇನ್ನು ಯೋಜನೆಗಳ ವಿಚಾರ. ಮೊದಲನೆಯದು ಕಂತು, ಅಂದರೆ ಇಎಂಐ. ಬಡ್ಡಿಯಿಲ್ಲದ ಕಂತು ಎಂಬ ಫಲಕ ಎಲ್ಲೆಡೆ ಕಾಣುತ್ತದೆ. ಭಾರತೀಯ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ಹೊರಡಿಸಿದ ಸುತ್ತೋಲೆಯಲ್ಲಿ, ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದೂ ಅಂಥ ಯೋಜನೆಗಳಲ್ಲಿ ಬಡ್ಡಿಯನ್ನು ಸಂಸ್ಕರಣಾ ಶುಲ್ಕದ ಮರೆಯಲ್ಲಿ ಗ್ರಾಹಕನಿಂದ ವಸೂಲು ಮಾಡಲಾಗುತ್ತದೆಂದೂ ಸ್ಪಷ್ಟಪಡಿಸಿತ್ತು. ಆದ್ದರಿಂದ ಕೇಳಬೇಕಾದದ್ದು ಇಷ್ಟೇ: ರೊಕ್ಕ ಕೊಟ್ಟರೆ ಬೆಲೆಯೆಷ್ಟು, ಶುಲ್ಕ ಮತ್ತು ತೆರಿಗೆ ಸೇರಿ ಎಲ್ಲ ಕಂತುಗಳ ಒಟ್ಟು ಮೊತ್ತವೆಷ್ಟು? ಎರಡರ ಅಂತರವೇ ಬಡ್ಡಿ.

ಎರಡನೆಯದು ಎಕ್ಸ್‌ಚೇಂಜ್. ಇಲ್ಲಿ ಹಳೆಯ ಫೋನಿಗೆ ಕಟ್ಟುವ ಬೆಲೆಯನ್ನು ಮಾತ್ರ ನೋಡುವುದು ಸಾಲದು. ಹಳೆಯದನ್ನು ಕೊಡದೆ ಕೊಂಡರೆ ದೊರೆಯುವ ರಿಯಾಯಿತಿಯನ್ನೂ ಕೇಳಿ ಹೋಲಿಸಬೇಕು. ಹಲವು ವೇಳೆ ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಕಳೆದಿರುತ್ತಾರೆ.

ಮೂರನೆಯದು ಮರುಖರೀದಿಯ ಭರವಸೆ. ವರ್ಷವೊಂದರ ನಂತರ ಇಂತಿಷ್ಟು ಬೆಲೆಗೆ ಹಿಂದಕ್ಕೆ ಪಡೆಯುತ್ತೇವೆ ಎಂಬ ಮಾತಿನ ಜೊತೆ ಸಣ್ಣ ಅಕ್ಷರದ ಷರತ್ತುಗಳಿರುತ್ತವೆ. ಗಾಜು ಒಡೆದಿರಬಾರದು, ನೀರು ಸೋಕಿರಬಾರದು, ನಿಗದಿತ ತಿಂಗಳಿನೊಳಗೆ ತರಬೇಕು. ಕೆಲವೆಡೆ ಆ ಮೊತ್ತ ಹಣವಾಗಿ ಕೈಗೆ ಬಾರದೆ ಹೊಸ ಫೋನಿನ ಬೆಲೆಯಲ್ಲಿ ಮಾತ್ರ ವಜಾ ಆಗುತ್ತದೆ. ಗಾಜು ಒಡೆಯಬಾರದೆಂಬ ಷರತ್ತು ಬಂದ ಕೂಡಲೇ ವಿಮೆಯ ಅಗತ್ಯವೂ ಹಿಂಬಾಲಿಸುತ್ತದೆ. ಅಮೆರಿಕದಲ್ಲಿ ಆ್ಯಪಲ್ ಕಂಪನಿ 2015ರಲ್ಲಿ ಆರಂಭಿಸಿದ ಯೋಜನೆ ಹೀಗಿತ್ತು: 24 ಕಂತುಗಳು, 12 ಕಂತು ಕಟ್ಟಿದ ಮೇಲೆ ಹೊಸ ಫೋನಿಗೆ ಬದಲಾಯಿಸುವ ಅವಕಾಶ, ರಕ್ಷಣಾ ಯೋಜನೆಯ ಶುಲ್ಕ ಕಂತಿನಲ್ಲಿಯೇ ಸೇರ್ಪಡೆ. ಹನ್ನೆರಡು ತಿಂಗಳಿಗೆ ಬದಲಾಯಿಸಿದವನಿಗೆ ಕಂತು ಮತ್ತೆ ಮೊದಲಿನಿಂದ ಶುರು. ಫೋನು ಸಾಲಮುಕ್ತವಾಗಿ ಅವನ ಸ್ವಂತದ್ದಾಗುವ ದಿನ ಬರುವುದೇ ಇಲ್ಲ.

ದೃಷ್ಟಾಂತಕ್ಕೆ ಒಂದು ಲೆಕ್ಕ. ಫೋನಿನ ಬೆಲೆ 24,000 ರೂಪಾಯಿ ಎಂದಿಟ್ಟುಕೊಳ್ಳಬಹುದು. ಒಬ್ಬಾಕೆ ಅದನ್ನು ಐದು ವರ್ಷ ಇಟ್ಟುಕೊಂಡು ನಡುವೆ 2,000 ರೂಪಾಯಿಗೆ ಬ್ಯಾಟರಿ ಬದಲಾಯಿಸಿದರೆ ಒಟ್ಟು ಖರ್ಚು 26,000. ತಿಂಗಳಿಗೆ ಸುಮಾರು 433. ಇನ್ನೊಬ್ಬಾಕೆ ಎರಡು ವರ್ಷಕ್ಕೊಮ್ಮೆ ಹಳೆಯದನ್ನು 8,000ಕ್ಕೆ ಕೊಟ್ಟು ಅದೇ ಬೆಲೆಯ ಹೊಸದನ್ನು ಕೊಂಡರೆ ಎರಡು ವರ್ಷದ ಖರ್ಚು 16,000; ತಿಂಗಳಿಗೆ ಸುಮಾರು 667. ಐದು ವರ್ಷಕ್ಕೆ ಹರಡಿದರೆ ಇಬ್ಬರ ನಡುವಿನ ಅಂತರ 14,000 ರೂಪಾಯಿ. ಎಕ್ಸ್‌ಚೇಂಜಿನಲ್ಲಿ ದೊರೆತ 8,000ದ ಸಂತೋಷದಲ್ಲಿ ಈ ಅಂತರ ಕಣ್ಣಿಗೆ ಬೀಳುವುದಿಲ್ಲ.

ಹಾಗೆಂದು ಫೋನನ್ನು ಬದಲಾಯಿಸಲೇಬಾರದೆಂದಲ್ಲ. ಮೂರು ಸಕಾರಣಗಳಿವೆ. ಸುರಕ್ಷತಾ ನವೀಕರಣ ನಿಂತುಹೋದರೆ ಬ್ಯಾಂಕಿನ ವ್ಯವಹಾರ ಮಾಡುವ ಫೋನು ಅಪಾಯಕ್ಕೆ ತೆರೆದುಕೊಳ್ಳುತ್ತದೆ. ಊರಿಗೆ ಹೊಸದಾಗಿ ಬಂದ 4ಜಿ ಗೋಪುರದ ಸಂಕೇತವನ್ನು ಹಳೆಯ ಫೋನು ಹಿಡಿಯದಿದ್ದರೆ ಅದರ ಉಪಯೋಗ ಕುಗ್ಗುತ್ತದೆ. ಬಿಡಿಭಾಗಗಳು ಸಿಗದಿದ್ದರೆ ದುರಸ್ತಿ ಅಸಾಧ್ಯ. ಆದ್ದರಿಂದ ಕೊಳ್ಳುವ ದಿನವೇ ಕೇಳಬೇಕಾದ ಮೊದಲ ಪ್ರಶ್ನೆ, ಸುರಕ್ಷತಾ ನವೀಕರಣ ಎಷ್ಟು ವರ್ಷ ಎಂಬುದು. ಗೂಗಲ್ 2023ರ ಪಿಕ್ಸೆಲ್ 8ಕ್ಕೂ ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್ 24ಕ್ಕೂ ಏಳು ವರ್ಷದ ಮಾತು ಕೊಟ್ಟಿವೆ. ಅವು ದುಬಾರಿ ಫೋನುಗಳು. ಅಗ್ಗದ ಫೋನುಗಳಲ್ಲಿ ಈ ಅವಧಿ ಕಂಪನಿಯಿಂದ ಕಂಪನಿಗೆ, ಮಾದರಿಯಿಂದ ಮಾದರಿಗೆ ಬೇರೆಯಾಗುವುದರಿಂದ ಅಲ್ಲಿಯೇ ವಿಚಾರಣೆ ಹೆಚ್ಚು ಅವಶ್ಯ.

ಎರಡನೆಯ ಪ್ರಶ್ನೆಗೆ, ವಿಮೆಗೆ, ಬರೋಣ. ಅಂಗಡಿಯಲ್ಲಿ ಒಂದೇ ಉಸಿರಿನಲ್ಲಿ ಹೇಳುವ ಮೂರು ವಸ್ತುಗಳನ್ನು ಇಲ್ಲಿ ಬೇರ್ಪಡಿಸಬೇಕು. ವಾರಂಟಿ ಎಂಬುದು ತಯಾರಿಕೆಯ ದೋಷಕ್ಕೆ ಕಂಪನಿ ಕೊಡುವ ಹೊಣೆ. ವಿಸ್ತರಿತ ವಾರಂಟಿ ಅದೇ ಹೊಣೆಯನ್ನು ಮುಂದುವರಿಸುತ್ತದೆ, ಅಷ್ಟೇ; ಕೈಜಾರಿ ಬಿದ್ದರೆ ಅದು ನೆರವಿಗೆ ಬಾರದು. ಬಿದ್ದು ಒಡೆದದ್ದಕ್ಕೆ, ನೀರು ಹೊಕ್ಕದ್ದಕ್ಕೆ, ಕೆಲವೊಮ್ಮೆ ಕಳವಿಗೆ ಪರಿಹಾರ ಕೊಡುವುದು ವಿಮೆ ಅಥವಾ ರಕ್ಷಣಾ ಯೋಜನೆ.

ಮಲೆನಾಡಿಗೆ ನೀರಿನ ಷರತ್ತೇ ಮುಖ್ಯ. ಐಪಿ 67 ಎಂಬ ಗುರುತು ಒಂದು ಮೀಟರ್ ಆಳದ ಸಿಹಿನೀರಿನಲ್ಲಿ ಅರ್ಧ ಗಂಟೆಯ ಪರೀಕ್ಷೆಯನ್ನು ಸೂಚಿಸುತ್ತದೆ. ಅದು ಪ್ರಯೋಗಶಾಲೆಯ ಮಾತು. ಆ ಗುರುತಿರುವ ಫೋನುಗಳಿಗೂ ನೀರಿನ ಹಾನಿ ಸಾಮಾನ್ಯವಾಗಿ ವಾರಂಟಿಯ ಹೊರಗೆ. ಫೋನಿನೊಳಗೆ ನೀರು ತಾಗಿದರೆ ಕೆಂಪಾಗುವ ಪುಟ್ಟ ಪಟ್ಟಿಯಿರುತ್ತದೆ. ಸೇವಾಕೇಂದ್ರದವರು ಮೊದಲು ನೋಡುವುದು ಅದನ್ನೇ. ಆಷಾಢದ ಮಳೆಯಲ್ಲಿ ಔಷಧಿ ಹೊಡೆಯುವವನ ಕಿಸೆಯಲ್ಲಿರುವ ಫೋನಿಗೆ ವಿಮೆಗಿಂತ ಮೊದಲು ಬೇಕಾದದ್ದು ಗಟ್ಟಿಯಾದೊಂದು ಪ್ಲಾಸ್ಟಿಕ್ ಚೀಲ. ನೆನೆದ ಫೋನನ್ನು ಅಕ್ಕಿಯಲ್ಲಿ ಹೂತಿಡುವುದೂ ಸರಿಯಲ್ಲ. ಅಕ್ಕಿಯ ಪುಡಿ ಒಳಹೊಕ್ಕು ಹಾನಿ ಮಾಡಬಹುದು. ಆರಿಸಿ, ಒರೆಸಿ, ಗಾಳಿಗಿಟ್ಟು, ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕದಿರುವುದು ಲೇಸು.

ವಿಮೆಯ ಪತ್ರದಲ್ಲಿ ನೋಡಬೇಕಾದವು ಐದು. ಪ್ರತಿ ಕ್ಲೇಮಿಗೆ ಗ್ರಾಹಕನೇ ಭರಿಸಬೇಕಾದ ಪಾಲೆಷ್ಟು? ವರ್ಷಕ್ಕೆ ಎಷ್ಟು ಕ್ಲೇಮು? ತಿಂಗಳು ಕಳೆದಂತೆ ಸವಕಳಿಯೆಂದು ಎಷ್ಟು ಕಡಿತ? ಕಳವು ಸೇರಿದೆಯೇ? ಸೇರಿದ್ದರೂ, ಬಸ್ಸಿನಲ್ಲಿ ಮರೆತು ಬಂದದ್ದನ್ನು ಕಳವೆಂದು ಹೆಚ್ಚಿನ ವಿಮೆಗಳು ಒಪ್ಪುವುದಿಲ್ಲ. ಕೊನೆಯದಾಗಿ, ದುರಸ್ತಿ ಎಲ್ಲಿ? ಶಿವಮೊಗ್ಗಕ್ಕೋ ಮಂಗಳೂರಿಗೋ ಎರಡು ಬಾರಿ ಹೋಗಿಬರಬೇಕಾದರೆ ಬಸ್ಸಿನ ಖರ್ಚೂ ಎರಡು ದಿನದ ಕೂಲಿಯೂ ಲೆಕ್ಕಕ್ಕೆ ಸೇರಬೇಕು.

ವಿಮೆಯ ತತ್ತ್ವ ಅಡಿಕೆ ಬೆಳೆಗಾರರಿಗೆ ಹೊಸದಲ್ಲ. ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ರೈತನ ಪಾಲು ವಿಮಾ ಮೊತ್ತದ ಶೇಕಡ 5ನ್ನು ಮೀರದು. ಉಳಿದದ್ದನ್ನು ಸರ್ಕಾರಗಳು ಭರಿಸುತ್ತವೆ. ಕೊಳೆರೋಗದಿಂದ ಫಸಲು ಹೋದರೆ ಒಂದು ವರ್ಷದ ಬಾಳುವೆಯೇ ಹೋಗುತ್ತದೆ. ಆದ್ದರಿಂದ ಅಲ್ಲಿ ವಿಮೆ ಬೇಕು. ಫೋನಿನ ವಿಮೆಗೆ ಸಹಾಯಧನವಿಲ್ಲ. ಕಟ್ಟುವ ಹಣದಲ್ಲಿ ಅಂಗಡಿಯ ದಲ್ಲಾಳಿಯೂ ಕಂಪನಿಯ ಲಾಭವೂ ಸೇರಿರುತ್ತವೆ. ತಾಳಲಾರದ ನಷ್ಟಕ್ಕೆ ವಿಮೆ, ತಾಳಬಹುದಾದ ನಷ್ಟಕ್ಕೆ ಉಳಿತಾಯ ಎಂಬುದೇ ಇಲ್ಲಿ ಅಳತೆಗೋಲು.

ಇದನ್ನೂ ಲೆಕ್ಕದಲ್ಲಿ ನೋಡಬಹುದು. ವಿಮೆಯ ಪ್ರೀಮಿಯಂ ವರ್ಷಕ್ಕೆ 1,200, ಗಾಜು ಬದಲಾಯಿಸುವ ಖರ್ಚು 3,500, ಗ್ರಾಹಕನ ಪಾಲು 500 ಎಂದಾದರೆ ಒಂದು ಕ್ಲೇಮಿನಿಂದ ಉಳಿಯುವುದು 3,000. ಐದು ವರ್ಷದಲ್ಲಿ ಕಟ್ಟಿದ್ದು 6,000. ಅಂದರೆ ಐದು ವರ್ಷದಲ್ಲಿ ಎರಡು ಬಾರಿ ಒಡೆದರೆ ಸರಿಸಮ. ಅದಕ್ಕಿಂತ ಕಡಿಮೆ ಒಡೆದರೆ ನಷ್ಟ. ಅದೇ 1,200ನ್ನು ಪ್ರತಿ ವರ್ಷ ದುರಸ್ತಿಯ ನಿಧಿಯೆಂದು ಸ್ವಸಹಾಯ ಸಂಘದ ಉಳಿತಾಯದಲ್ಲಿಟ್ಟರೆ, ಒಡೆಯದಿದ್ದಾಗಲೂ ಹಣ ಮನೆಯದೇ. ಆದರೆ ಫೋನನ್ನೇ ನಂಬಿ ದುಡಿಯುವವರಿಗೆ, ಉದಾಹರಣೆಗೆ ನಗರದಲ್ಲಿ ಮನೆಮನೆಗೆ ಊಟ ತಲುಪಿಸುವ ಹುಡುಗನಿಗೆ, ಫೋನು ಒಡೆದ ದಿನ ಸಂಪಾದನೆಯೂ ನಿಲ್ಲುತ್ತದೆ. ಉಳಿತಾಯವಿಲ್ಲದ ಅಂಥವನಿಗೆ ಮೊದಲ ವರ್ಷದ ವಿಮೆ ತಪ್ಪಲ್ಲ. ಉಳಿದವರ ಮಟ್ಟಿಗೆ, ಒಡೆದರೆ ತಾಳಲಾಗದಷ್ಟು ಬೆಲೆಯ ಫೋನನ್ನು ಕೊಳ್ಳದಿರುವುದೇ ಅತ್ಯುತ್ತಮ ವಿಮೆ.

ವಿಮೆ ಮಾಡಿಸಿದವರು ಹಕ್ಕನ್ನೂ ತಿಳಿದಿರಬೇಕು. ವಿಮಾ ಕಂಪನಿಗೆ ಲಿಖಿತ ದೂರು ಕೊಟ್ಟು 30 ದಿನದೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತಾರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ಮೊರೆಹೋಗಬಹುದು. ಅಂಗಡಿಯವರದೇ ರಕ್ಷಣಾ ಯೋಜನೆಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಗ್ರಾಹಕರ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಫೋನು ಕಳೆದುಹೋದರೆ ಪೊಲೀಸ್ ದೂರಿನ ಪ್ರತಿಯೊಡನೆ, 2023ರಿಂದ ದೇಶಾದ್ಯಂತ ಜಾರಿಗೆ ಬಂದ ಸಂಚಾರ್ ಸಾಥಿ ವ್ಯವಸ್ಥೆಯ ಮೂಲಕ ಅದು ಯಾವ ಸಿಮ್ಮಿನಲ್ಲಿಯೂ ನಡೆಯದಂತೆ ತಡೆಯಬಹುದು. ಇದಕ್ಕೆ ಬೇಕಾದ ಐಎಂಇಐ ಸಂಖ್ಯೆ *#06# ಒತ್ತಿದರೆ ಕಾಣುತ್ತದೆ. ಬಿಲ್ಲಿನ ಬೆನ್ನಿಗೆ ಇಂದೇ ಬರೆದಿಡುವುದು ಒಳ್ಳೆಯದು.

ದುರಸ್ತಿಗೂ ಕಾನೂನಿನ ಬಲ ನಿಧಾನವಾಗಿ ಬರುತ್ತಿದೆ. ಯುರೋಪಿಯನ್ ಒಕ್ಕೂಟ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನುಗಳ ಮುಖ್ಯ ಬಿಡಿಭಾಗಗಳು, ಆ ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಸಿಗಬೇಕೆಂದು ವಿಧಿಸಿದೆ. ಭಾರತ ಸರ್ಕಾರ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿನ ಜಾಲತಾಣವನ್ನು ತೆರೆಯಿತು. ಆದರೆ ದುರಸ್ತಿ ಉಳಿಯುವುದು ದುರಸ್ತಿ ಮಾಡಿಸುವವರಿದ್ದಾಗ. ಪೇಟೆಯ ಮೂಲೆಯಲ್ಲಿ ಭೂತಗನ್ನಡಿ ಹಿಡಿದು ಕುಳಿತ ರಿಪೇರಿಯ ಹುಡುಗನಿಗೆ ಕೆಲಸ ಸಿಕ್ಕರೆ ಆ ವಿದ್ಯೆ ಊರಲ್ಲಿ ನಿಲ್ಲುತ್ತದೆ.

ಕಡೆಗೆ ನಿಜವಾಗಿಯೂ ಸತ್ತ ಫೋನನ್ನು ಗೊಬ್ಬರಗುಂಡಿಗೂ ಹೊಳೆಗೂ ಎಸೆಯಬಾರದು. ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಸುಡಬಾರದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ವರ್ಷಕ್ಕೊಮ್ಮೆ ಊರಿನ ಸತ್ತ ಫೋನುಗಳನ್ನು ಒಟ್ಟುಮಾಡಿ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವುದು ವಿದ್ಯಾರ್ಥಿ ಸಂಘಗಳು ಕೈಗೊಳ್ಳಬಹುದಾದ ಕೆಲಸ. ಅದಕ್ಕಿಂತ ದೊಡ್ಡ ಕೆಲಸ, ಆ ರಾಶಿಯನ್ನು ವರ್ಷದಿಂದ ವರ್ಷಕ್ಕೆ ಚಿಕ್ಕದಾಗಿಸುವುದು.