ಆಟ ಆಫ್ರಿಕದ್ದು, ಗಳಿಕೆ ಯಾರದ್ದು?

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ವಿಶ್ವಕಪ್ ಫುಟ್‌ಬಾಲಿನಂಥ ದೊಡ್ಡ ಕೂಟವನ್ನು ನಡೆಸುವ ಯೋಗ್ಯತೆ ಆಫ್ರಿಕಕ್ಕೆ ಉಂಟೇ ಎಂದು ಶ್ರೀಮಂತ ರಾಷ್ಟ್ರಗಳು ಬಹುಕಾಲ ಮೂಗು ಮುರಿದವು. 1930ರಲ್ಲಿ ಆರಂಭವಾದ ಕೂಟ ಆ ಖಂಡದ ನೆಲ ಮುಟ್ಟಲು 80 ವರ್ಷ ಹಿಡಿಯಿತು. 2006ರ ಕೂಟಕ್ಕೆ ಸ್ಪರ್ಧಿಸಿದ ದಕ್ಷಿಣ ಆಫ್ರಿಕ, ಜರ್ಮನಿಯ ಎದುರು 11-12ರಂತೆ ಒಂದೇ ಮತದಿಂದ ಸೋತಿತು. 2004ರಲ್ಲಿ ಮೊರಾಕ್ಕೋವನ್ನು 14-10 ಮತಗಳಿಂದ ಹಿಂದೆ ಹಾಕಿ 2010ರ ಕೂಟವನ್ನು ಪಡೆಯಿತು. ವರ್ಣಭೇದ ನೀತಿಯ ದೆಸೆಯಿಂದ ಒಂದು ಕಾಲಕ್ಕೆ ಜಗತ್ತಿನ ಮೈದಾನಗಳಿಂದ ಬಹಿಷ್ಕೃತವಾಗಿದ್ದ ಆ ದೇಶ, 10 ಕ್ರೀಡಾಂಗಣಗಳಲ್ಲಿ 64 ಪಂದ್ಯಗಳನ್ನು ಸುಸೂತ್ರವಾಗಿ ನಡೆಸಿತು. ಯೋಗ್ಯತೆಯ ಪ್ರಶ್ನೆ ಅಲ್ಲಿಗೆ ಮುಗಿಯಿತು.

ನಾವು ಕೇಳಬೇಕಾದ ಪ್ರಶ್ನೆ ಬೇರೆ: ಖರ್ಚು ಯಾರದು, ಗಳಿಕೆ ಯಾರದು?

ಕ್ರೀಡಾಂಗಣಗಳು ಎದ್ದದ್ದು ಬೊಕ್ಕಸದ ಹಣದಿಂದ, ಎಂದರೆ ಜನರ ತೆರಿಗೆಯಿಂದ. ಕೂಟದ ಯಜಮಾನ ಸಂಸ್ಥೆಯಾದ ಫಿಫಾಕ್ಕೆ ಮಾತ್ರ ತೆರಿಗೆಯ ವಿನಾಯಿತಿ. 2007ರಿಂದ 2010ರವರೆಗಿನ ನಾಲ್ಕು ವರ್ಷಗಳಲ್ಲಿ ಅದರ ಕೈಯಲ್ಲಿ ಉಳಿದದ್ದು 63 ಕೋಟಿ ಡಾಲರು. ಕೇಪ್‌ಟೌನಿನ ನಗರಸಭೆಗೆ ಉಳಿದದ್ದು, ಆಟ ಮುಗಿದ ಮೇಲೆ ಹಲವು ವರ್ಷ ನಷ್ಟವನ್ನೇ ತಂದ ಒಂದು ಕ್ರೀಡಾಂಗಣ.

ನಮ್ಮ ಜಾತ್ರೆಗಳಲ್ಲಿ ತೇರಿನ ಬೀದಿಯಲ್ಲೇ ಬೆಂಡು ಬತ್ತಾಸು ಮಾರುವವರಿಗೂ ಜಾಗವುಂಟು. ಅಲ್ಲಿ ಕ್ರೀಡಾಂಗಣದ ಸುತ್ತ ಗಡಿ ಹಾಕಿ, ಅನುಮತಿಯಿಲ್ಲದ ಬೀದಿ ವ್ಯಾಪಾರಿ ಒಳಗೆ ಕಾಲಿಡಕೂಡದೆಂದರು. ಡರ್ಬನ್ನಿನಲ್ಲಿ 1910ರಿಂದ ನಡೆದುಬಂದ ಮುಂಜಾನೆಯ ಮಾರುಕಟ್ಟೆಯೊಂದಿದೆ. ಭಾರತದಿಂದ ಕರಾರು ಕೂಲಿಗಳಾಗಿ ಹೋದವರ ಸಂತತಿಯವರೂ ಆಫ್ರಿಕನ್ ಸೋದರ ಸೋದರಿಯರೂ ಅಲ್ಲಿ ಅಕ್ಕಪಕ್ಕ ಕುಳಿತು ತರಕಾರಿ ಮಾರುತ್ತಾರೆ. 2009ರಲ್ಲಿ, ಕೂಟ ಹೊಸ್ತಿಲಿಗೆ ಬಂದಾಗ, ಅದನ್ನು ತೆಗೆದು ದೊಡ್ಡ ಮಾಲ್ ಕಟ್ಟಿಸಲು ನಗರಸಭೆ ಹೊರಟಿತು. ವ್ಯಾಪಾರಿಗಳು ಬೀದಿಯಲ್ಲೂ ನ್ಯಾಯಾಲಯದಲ್ಲೂ ಹೋರಾಡಿದರು. ಮಾರುಕಟ್ಟೆ ಉಳಿಯಿತು.

ಅದೇ ವರ್ಷದ ಜುಲೈಯಲ್ಲಿ ಸುಮಾರು 70,000 ಕಟ್ಟಡ ಕಾರ್ಮಿಕರು ಒಂದು ವಾರ ಕೆಲಸ ನಿಲ್ಲಿಸಿದರು. ಕೇಳಿದ್ದು ಶೇಕಡ 13 ಕೂಲಿ ಏರಿಕೆ, ದೊರೆತದ್ದು 12. ಆಟದ ದಿನವನ್ನು ಮುಂದೂಡಲಾಗದು. ಆ ತಾರೀಖೇ ಕೆಲಸಗಾರನ ಕೈಗೆ ಬಲ ಕೊಟ್ಟಿತು.

ಈಗ 2030ರ ಕೂಟ ಸ್ಪೇನ್, ಪೋರ್ಚುಗಲ್‌ಗಳ ಜೊತೆ ಮೊರಾಕ್ಕೋಕ್ಕೆ ಸಿಕ್ಕಿದೆ. ಕಾಸಾಬ್ಲಾಂಕದ ಬಳಿ 1,15,000 ಜನ ಕೂಡುವ ಕ್ರೀಡಾಂಗಣದ ಯೋಜನೆಯಿದೆ. ಅಂದಾಜು ವೆಚ್ಚ 500 ಕೋಟಿ ದಿರ್ಹಮ್. ಇತ್ತ 2025ರಲ್ಲಿ, ಅಗಾದಿರ್ ನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಹೋದ 8 ಮಂದಿ ಹೆಂಗಸರು ಸತ್ತ ಸುದ್ದಿ ಬಂದಾಗ, ತರುಣರು ಬೀದಿಗಿಳಿದು ಕೇಳಿದರು: ಕ್ರೀಡಾಂಗಣ ಬಂತು, ಆಸ್ಪತ್ರೆ ಎಲ್ಲಿ?

ಒಲಿಂಪಿಕ್ ಕ್ರೀಡಾಕೂಟ ಇನ್ನೂ ಆಫ್ರಿಕಕ್ಕೆ ಹೋಗಿಲ್ಲ. ಹೋಗಲಿ, ಹೋಗಲೇಬೇಕು, ಹಬ್ಬ ಬೇಡವೆನ್ನುವ ಅರಸಿಕರು ನಾವಲ್ಲ. ಆದರೆ ಕೂಲಿಯ ದರ, ವ್ಯಾಪಾರದ ಜಾಗ, ಆಸ್ಪತ್ರೆಯ ಹಣ, ಈ ಮೂರೂ ಅಡಿಗಲ್ಲು ಹಾಕುವ ಮುನ್ನವೇ ಕಾಗದದ ಮೇಲೆ ಬರಬೇಕು. ಆಟ ಮುಗಿದ ಮೇಲೆ ಕೇಳಿದರೆ ಯಜಮಾನರು ಊರಲ್ಲಿರುವುದಿಲ್ಲ.