ಬಚ್ಚಲಲ್ಲಿ ಬಿದ್ದವರು

ಗುಮ್ಮಘಟ್ಟದ ಈ ದತ್ತಿ ಉಪನ್ಯಾಸಕ್ಕೆ ಕರೆದವರು ‘ಮೂರ್ಛೆ ರೋಗ’ ಎಂದಷ್ಟೇ ವಿಷಯ ಕೊಟ್ಟರು. ನಾನದನ್ನು ಸ್ವಲ್ಪ ಗುಂಡಿಗೆಯ ಕಡೆಗೆ ಎಳೆದಿದ್ದೇನೆ. ಫಿಟ್ಸ್ ಬಂದವರ ಕೈಕಾಲು ಸೆಟೆಯುವುದನ್ನು, ಬಾಯಿಯ ನೊರೆಯನ್ನು ಎಲ್ಲರೂ ನೋಡಿದ್ದೇವೆ. ಆಗ ನಾಡಿ ಹಿಡಿದು ನೋಡಿದವರು ಕಡಿಮೆ.

ಬಚ್ಚಲಿನಿಂದ ಶುರುಮಾಡುತ್ತೇನೆ. ಎಣ್ಣೆನೀರಿನ ದಿನ ಹಂಡೆಯ ಬಿಸಿನೀರನ್ನು ಚೊಂಬಿನ ಮೇಲೆ ಚೊಂಬು ನೆತ್ತಿಗೆ ಸುರಿಯುತ್ತಿದ್ದಂತೆ ಕೆಲವರಿಗೆ ಮೂರ್ಛೆ ಬರುತ್ತದೆ. ಹೊರದೇಶಗಳಲ್ಲಿ ಅಪರೂಪವಾದ ಈ ‘ಬಿಸಿನೀರಿನ ಮೂರ್ಛೆ’ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂಥ 279 ಜನರ ವಿವರ ಪ್ರಕಟಿಸಿದರು. ಇಲ್ಲಿ ಕಿಡಿ ಹತ್ತುವುದು ಮಿದುಳಿನಲ್ಲಿ.

ಅದೇ ಬಚ್ಚಲಲ್ಲಿ ಇನ್ನೊಬ್ಬರು ಬೀಳುತ್ತಾರೆ. ಹೊಗೆ, ಹಬೆ, ಮುಚ್ಚಿದ ಬಾಗಿಲು. ಸೆಕೆಗೆ ಚರ್ಮದ ರಕ್ತನಾಳಗಳು ಹಿಗ್ಗಿರುತ್ತವೆ. ತಟ್ಟನೆ ಎದ್ದು ನಿಂತರೆ ಬಿ.ಪಿ. ಕುಸಿದು ಕಣ್ಣು ಕತ್ತಲೆ. ಬಿದ್ದವರ ಕೈಕಾಲು ನಾಲ್ಕು ಸಲ ಅದುರಲೂಬಹುದು. ಇದು ಫಿಟ್ಸ್ ಅಲ್ಲ, ರಕ್ತ ಸಾಲದ ಮಿದುಳಿನ ಗೋಳು. ಹೀಗಿದ್ದೂ ಫಿಟ್ಸ್ ಮಾತ್ರೆ ನುಂಗುತ್ತ ವರ್ಷ ಕಳೆದವರಿದ್ದಾರೆ. ಓಡುವಾಗಲೋ ಬೆಚ್ಚಿದಾಗಲೋ ಮಗು ಬೀಳುತ್ತಿದ್ದರಂತೂ ಇ.ಸಿ.ಜಿ. ತೆಗೆಸದೆ ಬಿಡಬೇಡಿ, ಗುಂಡಿಗೆಯ ಲಯದ ದೋಷವೂ ಮೂರ್ಛೆಯ ವೇಷ ಹಾಕುತ್ತದೆ.

ಇದರ ಉಲ್ಟಾ, ನಿಜವಾದ ಮೂರ್ಛೆಯೂ ಗುಂಡಿಗೆಯನ್ನು ಕಾಡುತ್ತದೆ. ಗುಂಡಿಗೆ, ಉಸಿರು, ಬೆವರು, ಜೀರ್ಣ, ಇವು ನಮ್ಮ ಅಪ್ಪಣೆ ಕೇಳುವುದಿಲ್ಲ. ಭೈರವಾನಿತಿಪ್ಪ ಜಲಾಶಯದ ತೂಬಿಗೆ ಒಬ್ಬ ನೀರಗಂಟಿ ಇದ್ದಂತೆ (ನೀರಿದ್ದ ವರ್ಷದ ಮಾತು ಹೇಳುತ್ತಿದ್ದೇನೆ!) ಸ್ವಾಯತ್ತ ನರಮಂಡಲ ಇವನ್ನು ಏರಿಸುತ್ತ ಇಳಿಸುತ್ತ ಇರುತ್ತದೆ. ಗುಂಡಿಗೆಯ ಬಡಿತ ಏರಿಸುವುದು ಸಿಂಪಥೆಟಿಕ್ ನರಗಳು, ಅದಕ್ಕೆ ಲಗಾಮು ಹಾಕುವುದು ವೇಗಸ್ ನರ. ಅವುಗಳಿಗೆ ಮೇಲಿನಿಂದ ಹುಕುಂ ಕಳಿಸುವ ಜಾಗಗಳಲ್ಲಿ ಮಿದುಳಿನ ಮಡಿಕೆಯೊಳಗೆ ಅಡಗಿರುವ ಇನ್ಸುಲಾ ಒಂದು. ಮೂರ್ಛೆಯ ವಿದ್ಯುತ್ತು ಅತ್ತ ಹರಿದರೆ ತೂಬು ಕಂಡವರ ಕೈಗೆ ಸಿಕ್ಕಂತೆ. ಹೊಟ್ಟೆಯಿಂದ ಏನೋ ಮೇಲೇರಿದಂತಾಗುತ್ತದೆ, ಮೈ ಜುಮ್ಮೆನ್ನುತ್ತದೆ, ಮುಖ ಬಿಳಚುತ್ತದೆ. ಬಹುಪಾಲು ಮೂರ್ಛೆಗಳಲ್ಲಿ ನಾಡಿ ಜೋರಾಗುತ್ತದೆ. ತೀರಾ ವಿರಳವಾಗಿ ಕೆಲವು ಸೆಕೆಂಡು ಗುಂಡಿಗೆ ನಿಲ್ಲುವುದೂ ಉಂಟು. ಅಂಥ ಕೆಲವರಿಗೆ ಪೇಸ್‌ಮೇಕರ್ ಕೂಡಿಸಬೇಕಾಗುತ್ತದೆ.

ಕಹಿ ಮಾತನ್ನೂ ಹೇಳಬೇಕು. ಮೂರ್ಛೆ ರೋಗವಿರುವ ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಸಾವಿರಕ್ಕೊಬ್ಬರು ಹಠಾತ್ತಾಗಿ, ಹೆಚ್ಚಾಗಿ ನಿದ್ದೆಯಲ್ಲಿ, ತೀರಿಕೊಳ್ಳುತ್ತಾರೆ. ಆಸ್ಪತ್ರೆಯ ಯಂತ್ರಗಳ ಕಣ್ಣೆದುರೇ ಆದ ಕೆಲವು ಸಾವುಗಳನ್ನು ಹಲವು ದೇಶಗಳ ವೈದ್ಯರು ಕೂಡಿ ಪರಿಶೀಲಿಸಿ 2013ರಲ್ಲಿ ವಿವರ ಪ್ರಕಟಿಸಿದರು. ಮೈಯೆಲ್ಲ ಸೆಟೆದು ಅದುರುವ ದೊಡ್ಡ ಮೂರ್ಛೆ ಮುಗಿದ ಮೇಲೆ ಉಸಿರೂ ನಾಡಿಯೂ ತಡವರಿಸಿದ್ದವು. ಕೊನೆಗೆ ಮೊದಲು ನಿಂತದ್ದು ಉಸಿರು, ಗುಂಡಿಗೆ ಆಮೇಲೆ. ಇಂಥ ಸಾವಿನ ಭಯ ಹೆಚ್ಚಿರುವುದು ದೊಡ್ಡ ಮೂರ್ಛೆ ಮೇಲಿಂದ ಮೇಲೆ ಬರುವವರಿಗೆ, ಅದರಲ್ಲೂ ಒಂಟಿಯಾಗಿ ಮಲಗುವವರಿಗೆ. ಅದಕ್ಕೇ, ಹೊಲದ ಕೆಲಸದ ಗಡಿಬಿಡಿಯಲ್ಲಿ ಮೂರ್ಛೆ ತಡೆಯುವ ಮಾತ್ರೆ ತಪ್ಪಿಸುವುದು ನನ್ನ ಲೆಕ್ಕದಲ್ಲಿ ಸಣ್ಣ ಮರೆವಲ್ಲ.

ಕೈಗೆ ಕಬ್ಬಿಣದ ಬೀಗದಕೈ ಕೊಟ್ಟರೆ ಮೂರ್ಛೆ ನಿಲ್ಲುತ್ತದಲ್ಲ ಎನ್ನುತ್ತೀರಿ. ಹೆಚ್ಚಿನ ಮೂರ್ಛೆಗಳು ಎರಡು ಮೂರು ನಿಮಿಷಕ್ಕೆ ತಾವೇ ನಿಲ್ಲುತ್ತವೆ. ಮನೆಯಲ್ಲಿ ಬೀಗದಕೈ ಹುಡುಕಲು ಅಷ್ಟು ಹೊತ್ತು ಬೇಕೇಬೇಕು. ಅದರ ಬದಲು ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಬಾಯಿಗೆ ಏನೂ ತುರುಕಬೇಡಿ. ಅದುರುವುದು ನಿಂತೊಡನೆ ಪಕ್ಕಕ್ಕೆ ಹೊರಳಿಸಿ, ಮುಖ ದಿಂಬಿಗೆ ಹುದುಗದಂತೆ ಬಿಡಿಸಿ, ಎದೆ ಏರಿಳಿಯುವುದನ್ನು ನೋಡುತ್ತ, ಎಚ್ಚರವಾಗುವವರೆಗೂ ಪಕ್ಕದಲ್ಲೇ ಕೂತಿರಿ.